ಅಡಾಜಣ್‌ಗೆ ಕಳಿಸಿದ ಪಾಠಗಳು

ಮಂಜಲ್‌ಪುರ, ವಡೋದರಾ
೧೫ ಜುಲೈ ೨೦೨೪

ಉಮಾಕಾಂತ ಅವರಿಗೆ,

ಇವತ್ತು ಬೆಳಿಗ್ಗೆ ಎದುರು ಮನೆಯ ಜಶೋದಾಬೆನ್ ತುಳಸಿಗೆ ನೀರು ಹಾಕುವಾಗ ಒಂದೇ ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದಿದ್ದರು. ಒಂದು ಕಾಲು ದೇವರಿಗೆ, ಇನ್ನೊಂದು ಒಳಗೆ ಕೂಗುತ್ತಿದ್ದ ಕುಕ್ಕರಿಗೆ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಮಧ್ಯಾಹ್ನ ನಿಮ್ಮ ಕಾಗದ ಬಂತು.

ಕಾಗದ ನೋಡಿ ಅಪ್ಪ ನಕ್ಕರು. ಮೇ ತಿಂಗಳಲ್ಲಿ ನೀವೆಲ್ಲ ನಮ್ಮ ಮನೆಗೆ ಹೆಣ್ಣು ನೋಡಲು ಬಂದು ಹೋದ ಮೇಲೆ, "ಅಜ್ಜ ತೀರಿಕೊಂಡು ವರ್ಷ ಆಗಲಿಲ್ಲ. ವರ್ಷಾಂತಿಕ ಮುಗಿಯುವವರೆಗೆ ನಿಶ್ಚಯದ ಮಾತಿಲ್ಲ, ಫೋನೂ ಬೇಡ. ಬೇಕಾದರೆ ಕಾಗದ ಬರೆದುಕೊಳ್ಳಲಿ" ಎಂದವರು ಅವರೇ. ಈ ಕಾಲದಲ್ಲಿ ಯಾರು ಬರೆಯುತ್ತಾರೆ ಎಂಬ ಧೈರ್ಯ. "ಮಾಣಿ ಅಡ್ಡಿಲ್ಲ ಮಾರಾಯ್ತಿ, ನನ್ನನ್ನೇ ಸೋಲಿಸ್ದ" ಎಂದರು. ನೀವು ಕೇಳಿಕೊಂಡಂತೆ ಈ ವಿಷಯವನ್ನು ನಿಮ್ಮ ಮನೆಯವರ ಹತ್ತಿರ ಎತ್ತಬಾರದೆಂದು ಅವರಿಗೂ ಹೇಳಿದ್ದೇನೆ. ಉತ್ತರವನ್ನು ನಿಮ್ಮ ಹೋಟೆಲಿನ ವಿಳಾಸಕ್ಕೇ ಹಾಕುತ್ತೇನೆ.

ನನಗೆ ಕಾಗದವೇ ಅನುಕೂಲ. ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ. ಅಂದು ನಾನು ಉಪ್ಪಿಟ್ಟಿನ ತಟ್ಟೆ ನೋಡುತ್ತಾ ಕೂತಿದ್ದೆ, ನೀವು ಕಿಟಕಿ ನೋಡುತ್ತಾ ಕೂತಿದ್ದಿರಿ. ನಾನು ಕೋಚಿಂಗ್ ಕ್ಲಾಸಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆಂದಾಗ ಉಳಿದವರು ಎಷ್ಟು ಹೊತ್ತಿನ ಕೆಲಸ ಎಂದು ಕೇಳಿದರು. ನಿಮ್ಮ ಅಮ್ಮ ಮಾತ್ರ, "ಎಂತೆಲ್ಲ ಕಲಿಸ್ತಿ ಹೆಣೆ?" ಎಂದು ಕೇಳಿದರು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಾತಾಡಲು ಬರುತ್ತದೆ, ಸಣ್ಣ ಪದಗಳಲ್ಲಿ ಎಡವುತ್ತೇನೆ, ಕೇಳಲು ನಾಚಿಕೆ ಎಂದಿದ್ದೀರಿ. ನಾಚಬೇಡಿ, ಎಂ.ಎ. ಮಾಡಿದವರೂ ಎಡವುತ್ತಾರೆ. ಕನ್ನಡದಲ್ಲಿ 'ನಿಧಾನ'ಕ್ಕೆ 'ಆಗಿ' ಸೇರಿಸಿದರೆ ನಿಧಾನ ನಿಧಾನವಾಗಿಯೇ ಉಳಿಯುತ್ತದೆ. ಇಂಗ್ಲಿಷಿನ ಕೆಲವು ಪದಗಳಿಗೆ ಬಾಲ ಸೇರಿಸಿದರೆ ಬೇರೆಯೇ ಪ್ರಾಣಿಯಾಗುತ್ತದೆ. ಲೇಟ್ ಎಂದರೆ ತಡವಾಗಿ. ಲೇಟ್ಲಿ ಎಂದರೆ ಇತ್ತೀಚೆಗೆ. ನೀವು ಹೋಟೆಲಿನಲ್ಲಿ ಕೇಳಿದ ವಾಕ್ಯ, 'ಲೇಟ್ಲಿ ಐ ಹ್ಯಾವ್ ಬೀನ್ ಸೋ ಹ್ಯಾಪಿ', ಎಂದರೆ ಇತ್ತೀಚೆಗೆ ನಾನು ತುಂಬ ಖುಷಿಯಾಗಿದ್ದೇನೆ ಎಂದು. ಯಾರು ಹೇಳಿದ್ದೋ, ಅವರು ಹಾಗೆಯೇ ಇರಲಿ.

ಇನ್ನೊಂದು ಮಾತು. ಸೂರತ್ತಿನಲ್ಲೇ ಹುಟ್ಟಿ ಬೆಳೆದ ನಿಮ್ಮ ಕನ್ನಡ ಅಕ್ಷರ ನನ್ನ ಅಜ್ಜಿಯದರಂತೆ ದುಂಡಗಿದೆ. ನಿಮ್ಮ ಅಮ್ಮ ಕೈಹಿಡಿದು ತಿದ್ದಿಸಿರಬೇಕು.

ಪ್ರಾರ್ಥನಾ


ಅಡಾಜಣ್, ಸೂರತ್
೨ ಆಗಸ್ಟ್ ೨೦೨೪

ಪ್ರಾರ್ಥನಾ ಅವರಿಗೆ,

ಪಾಠ ತಲುಪಿತು. ಊಟದ ಗಿರಾಕಿಗಳು ಹೋದ ಮೇಲೆ ಕೌಂಟರಿನ ಹಿಂದೆ ಕೂತು ಓದಿದೆ. ಒಂದು ಚಪ್ಪಲಿಯ ಜಶೋದಾಬೆನ್ ಅವರನ್ನು ನೆನೆದು ನನ್ನಷ್ಟಕ್ಕೆ ನಕ್ಕೆ. ಫ್ಯಾನಿನ ಕೆಳಗೆ ಮಲಗಿದ್ದ ಸಪ್ಲೈಯರ್ ಎದ್ದು ಕೂತು ಏನಾಯಿತು ಎಂದು ಕೇಳಿದ.

ಇಲ್ಲಿ ಗಿರಾಕಿಗಳಿಗೆ ಸಾಂಬಾರು ಸಿಹಿಯಾಗಬೇಕು. ಅದಕ್ಕೆ ಅಮ್ಮ ಎರಡು ಪಾತ್ರೆ ಇಡುತ್ತಾರೆ, ಒಂದು ಸೂರತ್ತಿನದು, ಒಂದು ನಮ್ಮ ಊರು ಕೋಟದ್ದು. ಕೋಟದ್ದು ಮನೆಯವರಿಗೆ. ಆದರೆ ಮನೆಯ ಮಗನೇ ಸಿಹಿಯದನ್ನು ಬಡಿಸಿಕೊಳ್ಳುವುದು. ಅಮ್ಮ ಖಾರದ ಪಾತ್ರೆಯ ಮುಚ್ಚಳ ಸರಿಯಾಗಿ ಕೂತಿದೆಯೋ ಎಂದು ಇನ್ನೊಮ್ಮೆ ನೋಡುತ್ತಾರೆ, ಅಷ್ಟೆ.

ಮದುವೆಯಾಗಿ ಬಂದಾಗ ಅವರಿಗೆ ಗುಜರಾತಿಯ ಒಂದು ಪದ ಬರುತ್ತಿರಲಿಲ್ಲ. ತರಕಾರಿಯವಳ ಹತ್ತಿರ ಜಗಳವಾಡಿ ಕಲಿತರು. ಹಿಂದಿಯನ್ನು ಟಿ.ವಿ. ಕಲಿಸಿತು. ಮಗನ ಸ್ಕೂಲಿನ ಇಂಗ್ಲಿಷ್ ಮಾತ್ರ ಮನೆಯೊಳಗೇ ಬೀಗ ಹಾಕಿದ ಕೋಣೆಯಂತೆ ಉಳಿಯಿತು. ಪಿ.ಯು.ಸಿ. ಓದಿದವರು, ಕೂಡಿಸಿಕೊಂಡು ಓದಬಲ್ಲರು. ಮಾತು ವೇಗವಾದರೆ ಕೈ ತಪ್ಪುತ್ತದೆ. ಗಿರಾಕಿಗಳು ಇಂಗ್ಲಿಷಿನಲ್ಲಿ ಏನಾದರೂ ಅಂದರೆ ಅಮ್ಮ ಕೌಂಟರಿನಲ್ಲಿ ಕೂತು ನಗುತ್ತಾರೆ. ನಗು ಎಲ್ಲದಕ್ಕೂ ಸಾಕು ಎಂದು ಇಷ್ಟು ವರ್ಷ ತಿಳಿದಿದ್ದರು.

ಇನ್ನೊಂದು ವಾಕ್ಯ ಕಿವಿಗೆ ಬಿತ್ತು. 'ಐ ಹಾರ್ಡ್ಲಿ ನೋ ಹರ್.' ಹಾರ್ಡ್ ಎಂದರೆ ಕಷ್ಟಪಟ್ಟು ಎಂದು ಗೊತ್ತು. ಕಷ್ಟಪಟ್ಟು ಅವಳನ್ನು ತಿಳಿದುಕೊಂಡೆ ಎಂದು ಅರ್ಥವೇ? ಹಾಗಿದ್ದರೆ ಒಳ್ಳೆಯ ಮಾತು.

ಉಮಾಕಾಂತ


ಮಂಜಲ್‌ಪುರ
೨೧ ಆಗಸ್ಟ್ ೨೦೨೪

ಉಮಾಕಾಂತ ಅವರಿಗೆ,

ಒಳ್ಳೆಯ ಮಾತಲ್ಲ, ಕ್ಷಮಿಸಿ. ಹಾರ್ಡ್ಲಿ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. 'ನನಗೆ ಅವಳ ಪರಿಚಯ ಇಲ್ಲವೆಂದೇ ಹೇಳಬೇಕು' ಎಂದು ಆ ವಾಕ್ಯದ ಅರ್ಥ. ಯಾವ ಹುಡುಗಿಯ ಬಗ್ಗೆ ಹೇಳಿದ್ದೋ, ಪಾಪ.

ಇದರ ಜೊತೆಗೆ ನಿಯರ್, ನಿಯರ್ಲಿ ಕೂಡ ಕಲಿತುಬಿಡಿ. ನಿಯರ್ ಎಂದರೆ ಹತ್ತಿರ. ನಿಯರ್ಲಿ ಎಂದರೆ ಇನ್ನೇನು ಆಗಿಯೇಬಿಡುತ್ತಿತ್ತು, ಆಗಲಿಲ್ಲ. ಉದಾಹರಣೆ ನನ್ನದೇ: ಸೋಮವಾರ ಕ್ಲಾಸಿನಲ್ಲಿ ಐ ನಿಯರ್ಲಿ ಕ್ರೈಡ್. ನನ್ನ ಧ್ವನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ. ವೀಸಾ ಪರೀಕ್ಷೆಗೆ ಓದುವ ನಿತಿನ್ ಎಂಬವನು ಎದ್ದು ನಿಂತು, "ಮೇಡಂ, ಕೆನಡಾದಲ್ಲಿ ಹಿಮ ತೆಗೆಯುವಾಗ ಯಾರೂ ಅಡ್ವರ್ಬ್ ಕೇಳೋದಿಲ್ಲ, ಬಿಡಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮೆಟ್ಟಿಲಿನ ಮೇಲೆ ಕೂತು ನಿಮ್ಮ ಕಾಗದವನ್ನು ಇನ್ನೊಮ್ಮೆ ಓದಿದೆ.

ಅಮ್ಮ ಮುಚ್ಚಳ ನೋಡುವುದನ್ನು ನೋಡುವ ಮಗ ಎಷ್ಟು ಮನೆಯಲ್ಲಿದ್ದಾನೆ? ನನ್ನ ಅಮ್ಮ ಶಾಂತಾ ಎಡಗೈಯಲ್ಲಿ ಬರೆಯುತ್ತಾರೆಂದು ಅಪ್ಪನಿಗೆ ಹೋದ ವರ್ಷ ಬ್ಯಾಂಕಿನಲ್ಲಿ ಗೊತ್ತಾಯಿತು. ನೀವು ನಿಮ್ಮನ್ನೇ 'ಮನೆಯ ಮಗ' ಎಂದು ದೂರ ನಿಂತು ನೋಡಿಕೊಳ್ಳುತ್ತೀರಿ. ಗಂಡಸರು ಹಾಗೂ ಬರೆಯುತ್ತಾರೆಂದು ನನಗೆ ತಿಳಿದಿರಲಿಲ್ಲ.

ಬರೆದದ್ದು ಜಾಸ್ತಿಯಾಯಿತೇನೋ.

ಪ್ರಾರ್ಥನಾ


ಅಡಾಜಣ್
೧೬ ಸೆಪ್ಟೆಂಬರ್ ೨೦೨೪

ಪ್ರಾರ್ಥನಾ ಅವರಿಗೆ,

ಜಾಸ್ತಿಯಾಗಲಿಲ್ಲ. ಇನ್ನೂ ಬರೆಯಿರಿ.

ಕ್ಲಾಸಿಗೆ ಹೋಗುವ ಮೊದಲು ಬಿಸಿನೀರಿಗೆ ಓಮ ಹಾಕಿ ಕುಡಿಯಿರಿ, ಧ್ವನಿ ಏಳುತ್ತದೆ. ನಗುವವರು ನಗಲಿ. ನಿಮ್ಮ ಪಾಠ ಸೂರತ್ತಿನವರೆಗೆ ಕೇಳಿಸುತ್ತದೆ.

ಈ ಸಲ ಮೂರು ವಾಕ್ಯ ಇವೆ. ಒಬ್ಬರು ಫೋನಿನಲ್ಲಿ ಹೇಳುತ್ತಿದ್ದದ್ದು.

ಶೀ ಸ್ಟಿಲ್ ಹೋಪ್ಸ್.
ಐ ಹ್ಯಾವ್ ನಾಟ್ ಟೋಲ್ಡ್ ಹರ್ ಯೆಟ್.
ವಿ ಹ್ಯಾವ್ ಆಲ್ರೆಡಿ ಡಿಸೈಡೆಡ್.

ಸ್ಟಿಲ್, ಯೆಟ್, ಆಲ್ರೆಡಿ ಮೂರೂ ಒಂದರ ಹಿಂದೆ ಒಂದು ಬಂದು ಗೊಂದಲವಾಯಿತು. ತಪ್ಪಾಗಿ ಕೇಳಿಸಿಕೊಂಡಿರಲೂಬಹುದು. ತಪ್ಪಾಗಿದ್ದರೆ ಒಳ್ಳೆಯದು. ಅರ್ಥ ಬೇಗ ಬರೆಯಿರಿ.

ಉಮಾಕಾಂತ


ಮಂಜಲ್‌ಪುರ
೪ ಅಕ್ಟೋಬರ್ ೨೦೨೪

ಉಮಾಕಾಂತರೇ,

ಬೇಗ ಬರೆಯಿರಿ ಎಂದಿರಿ, ನಾನು ತಡಮಾಡಿದೆ. ಆ ಮೂರು ವಾಕ್ಯಗಳನ್ನು ದಿನವೂ ಓದುತ್ತಿದ್ದೆ. ಫೋನಿನಲ್ಲಿ ಮಾತಾಡಿದ ಆ 'ಒಬ್ಬರು' ಯಾರೆಂದು ಕೇಳುವುದಿಲ್ಲ. ನಾಚಿಕೆಯವರು ತಮ್ಮ ಮಾತನ್ನು ಬೇರೆಯವರ ಬಾಯಲ್ಲಿಟ್ಟು ಹೇಳಿಸುತ್ತಾರೆ. ನಾನೂ ಅದೇ ಜಾತಿಯವಳು.

ನಮ್ಮ 'ಇನ್ನೂ' ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ, ಇಂಗ್ಲಿಷಿನವರಿಗೆ ಎರಡು ಪದ ಬೇಕು. ಮುಗಿಯದೆ ನಡೆಯುತ್ತಿರುವುದಕ್ಕೆ ಸ್ಟಿಲ್: ಅವಳು ಇನ್ನೂ ಆಸೆ ಇಟ್ಟುಕೊಂಡಿದ್ದಾಳೆ. ಆಗದೆ ಉಳಿದಿರುವುದಕ್ಕೆ ಯೆಟ್: ನಾನು ಅವಳಿಗೆ ಇನ್ನೂ ಹೇಳಿಲ್ಲ. ಯೆಟ್ ಇದ್ದರೆ ಹೇಳುವ ದಿನ ಮುಂದೆ ಇದೆ ಎಂದೇ ಲೆಕ್ಕ. ಆಲ್ರೆಡಿ ಎಂದರೆ ಆಗಲೇ: ನಾವು ಆಗಲೇ ತೀರ್ಮಾನಿಸಿದ್ದೇವೆ.

ನಮ್ಮ ವಸತಿ ಸೊಸೈಟಿಯ ಅಂಗಳದಲ್ಲಿ ನವರಾತ್ರಿಯ ಗರ್ಬಾ ನಡೆಯುತ್ತಿದೆ. ಪ್ರತಿ ವರ್ಷ ಮೇಲಿನಿಂದ ನೋಡುತ್ತೇನೆ. ನಿನ್ನೆ ಕೆಳಗಿಳಿದು ಎರಡು ಸುತ್ತು ಕುಣಿದೆ. ಅಮ್ಮ ಹಣೆ ಮುಟ್ಟಿ ಜ್ವರ ಇದೆಯೋ ನೋಡಿದರು.

ವರ್ಷಾಂತಿಕ ಜನವರಿಯಲ್ಲಿ. ಅದು ಮುಗಿದ ಮೇಲೆ ಅಪ್ಪ ನನ್ನನ್ನು ಕೇಳುತ್ತಾರೆ. ನಾನು ಹೌದು ಎನ್ನುವವಳಿದ್ದೇನೆ. ಇದನ್ನು ಅಮ್ಮನಿಗೂ ಹೇಳಿಲ್ಲ.

ನವೆಂಬರ್ ಹತ್ತಕ್ಕೆ ಅಹಮದಾಬಾದಿನಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವ ಇದೆ. ನಾವು ಹೋಗುತ್ತೇವೆ. ನೀವು ಬರುತ್ತೀರಾ?

ಪ್ರಾರ್ಥನಾ


ಅಡಾಜಣ್
೨೨ ಅಕ್ಟೋಬರ್ ೨೦೨೪

ಪ್ರಾರ್ಥನಾ ಅವರಿಗೆ,

ಅರ್ಥ ತಿಳಿಯಿತು. ಇನ್ನು ಪಾಠ ಸಾಕು.

ದೀಪಾವಳಿಯ ಗಲಾಟೆ. ಹೋಟೆಲು ಬಿಟ್ಟು ಅಹಮದಾಬಾದಿಗೆ ಬರಲಾಗುವುದಿಲ್ಲ. ನೀವೂ ಅಷ್ಟು ದೂರ ಹೋಗಬೇಡಿ. ಜನವರಿಯಲ್ಲಿ ಅಪ್ಪ ಕೇಳಿದಾಗ ಅವಸರಪಟ್ಟು ಏನೂ ಹೇಳಬೇಡಿ.

ನಿಮ್ಮ ಮೇಲೆ ಬೇಸರವಿಲ್ಲ. ಇದೊಂದನ್ನು ನಂಬಿ.

ಉಮಾಕಾಂತ


ಮಂಜಲ್‌ಪುರ
೧೨ ನವೆಂಬರ್ ೨೦೨೪

ಸುಮತಿ ಅಮ್ಮನವರಿಗೆ,

ಈ ಕಾಗದವನ್ನೂ ಹೋಟೆಲಿನ ವಿಳಾಸಕ್ಕೇ ಹಾಕುತ್ತಿದ್ದೇನೆ. ಒಡೆಯುವವರು ನೀವೇ. ಇಷ್ಟು ತಿಂಗಳೂ ಒಡೆದವರು ನೀವೇ ಎಂದು ಭಾನುವಾರ ಗೊತ್ತಾಯಿತು.

ಬರುವುದಿಲ್ಲ ಎಂದವರನ್ನು ಅಹಮದಾಬಾದಿನಲ್ಲಿ ಕಂಡಾಗ ನನಗೆ ಮೊದಲು ಖುಷಿಯೇ ಆಯಿತು. ನಿಮ್ಮ ಮಗ ಅವರ ಅಪ್ಪನ ಜೊತೆ ಬಂದಿದ್ದರು. ಧೈರ್ಯಕ್ಕೆ ನಾಲ್ಕು ಕಾಳು ಓಮ ಜಗಿದು, ಊಟದ ಸಾಲಿನಲ್ಲಿ ನಾನೇ ಹೋಗಿ ಅವರ ಹಿಂದೆ ನಿಂತೆ. ಎಲ್ಲರ ಅಂಗಿಯ ಮೇಲೂ ಕನ್ನಡದಲ್ಲಿ ಹೆಸರು ಬರೆದ ಚೀಟಿ ಇತ್ತು. ಅವರ ಅಂಗಿಯ ಮೇಲೆ 'ದಾಮೋದರ' ಎಂದಿತ್ತು.

"ಅಪ್ಪನ ಹೆಸರು ಹಾಕಿಕೊಂಡಿದ್ದೀರಲ್ಲ" ಎಂದೆ.

"ಹೌದಾ? ಟೇಬಲ್ ಮೇಲೆ ಎರಡಿತ್ತು, ಒಂದು ತಗೊಂಡೆ" ಎಂದು ನಕ್ಕರು. "ನಂಗೆ ಕನ್ನಡ ಓದೋಕೆ ಬರಲ್ಲ. ಮಮ್ಮಿ ತುಂಬ ಟ್ರೈ ಮಾಡಿದ್ರು ಚಿಕ್ಕವನಿದ್ದಾಗ. ನನ್ನ ಹೆಸರು ಬರೆಯೋಕೂ ಬರಲ್ಲ, ನಂಬ್ತೀರಾ?"

ಹಾಗಾದರೆ ಕಾಗದ ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆಯ ಸಾಲಿನಿಂದ ನಿಮ್ಮ ಯಜಮಾನರು ಇನ್ನೊಂದು ಚೀಟಿಯನ್ನು ಎತ್ತಿ ಹಿಡಿದು, "ಹ್ವಾಯ್ ಮಾಣಿ, ನಿನ್ನ ಹೆಸರಲ್ಲಿ ನಾನ್ ಊಟ ಮಾಡ್ಕಾ?" ಎಂದು ಕೂಗಿದರು. ಎಲ್ಲರೂ ನಕ್ಕರು.

ನಿಮ್ಮ ಮಗ ಒಳ್ಳೆಯವರು. ನನ್ನ ತಟ್ಟೆಯನ್ನೂ ತಂದುಕೊಟ್ಟರು. ಅವರ ಇಂಗ್ಲಿಷಿನಲ್ಲಿ ಒಂದೂ ತಪ್ಪಿಲ್ಲ. "ವಿ ಹಾರ್ಡ್ಲಿ ನೋ ಈಚ್ ಅದರ್, ಅಲ್ವಾ?" ಎಂದು ತುಂಬ ಸೌಮ್ಯವಾಗಿ ಹೇಳಿದರು. ಹೌದು ಎಂದು ತಲೆಯಾಡಿಸಿದೆ. ಅವರ ತಟ್ಟೆಯಲ್ಲಿ ಸಾಂಬಾರು ಹಾಗೆಯೇ ಉಳಿದಿತ್ತು, ಖಾರ ಎಂದರು.

ಬಸ್ಸಿನಲ್ಲಿ ವಡೋದರಾ ಬರುವವರೆಗೆ ಎಲ್ಲ ಕಾಗದಗಳನ್ನೂ ಮನಸ್ಸಿನಲ್ಲೇ ಇನ್ನೊಮ್ಮೆ ಓದಿದೆ. ಯಾವುದರಲ್ಲೂ ಅವರಿರಲಿಲ್ಲ. ಪಕ್ಕದಲ್ಲಿ ಅಪ್ಪ, "ಮಾತಾಡ್ಸಿದ್ಯಾ ಮಗಾ? ಹೇಗೆ?" ಎಂದು ಕೇಳುತ್ತಲೇ ಇದ್ದರು.

ಇದರ ಬಗ್ಗೆ ಯಾರಿಗೂ ಹೇಳಿಲ್ಲ. ನಿಮ್ಮನ್ನು ಒಂದೇ ಕೇಳುತ್ತೇನೆ. ಅಮ್ಮಾ, ನಾನು ಯಾರಿಗೆ ಹೌದು ಎನ್ನಲು ಹೊರಟಿದ್ದೆ?

ಪ್ರಾರ್ಥನಾ


ಅಡಾಜಣ್
೨೬ ನವೆಂಬರ್ ೨೦೨೪

ಪ್ರಾರ್ಥನಾ, ಮಗಳೇ,

ನಿನ್ನ ಕಾಗದ ಓದಿ ಎರಡು ಟೇಬಲಿನ ಬಿಲ್ಲು ಅದಲುಬದಲು ಮಾಡಿದೆ. ಯಜಮಾನರು, "ಎಂತ ಆಯ್ತ್ ನಿಂಗೆ?" ಎಂದು ಕೇಳಿದರು. ಅವರಿಗೆ ಏನೂ ಗೊತ್ತಿಲ್ಲ.

ಮಗ ಫೋನಿನಲ್ಲಿ ಮಾತಾಡುವುದು ಬಾಲ್ಕನಿಯಲ್ಲಿ. ಮೊದಲು ಗುಜರಾತಿಯಲ್ಲಿ ಮಾತಾಡುತ್ತಿದ್ದ. ನಿಮ್ಮ ಮನೆಗೆ ಬಂದು ಹೋದ ಮೇಲೆ ಒಂದು ದಿನ ನಾನು ಬಟ್ಟೆ ಒಣಗಿಸಲು ಹೋದೆ. ನನ್ನನ್ನು ನೋಡಿದವನೇ ಇಂಗ್ಲಿಷಿಗೆ ತಿರುಗಿದ. ಕನ್ನಡ, ಗುಜರಾತಿ, ಹಿಂದಿ ನನಗೆ ಬರುತ್ತದೆಂದು ಅವನಿಗೆ ಗೊತ್ತು. ಬಾರದ ಒಂದನ್ನು ಆರಿಸಿಕೊಂಡ. ಮುಖದ ಮೇಲೆ ಬಾಗಿಲು ಹಾಕಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಯಾರನ್ನು ಕೇಳಲಿ? ಬರುವ ಸೊಸೆಯ ಹತ್ತಿರ ಅತ್ತೆ ಪಾಠ ಹೇಳಿಸಿಕೊಂಡಳೆಂದರೆ ನಮ್ಮವರು ಮದುವೆ ಮನೆಯಲ್ಲೆಲ್ಲ ಅದನ್ನೇ ಬಡಿಸುತ್ತಿದ್ದರು. ಅವನ ಹೆಸರಿನಲ್ಲಿ ಒಂದೇ ಸಲ ಕೇಳಿ ಬಿಟ್ಟುಬಿಡುವ ಎಂದಿದ್ದೆ. ನೀನು ಒಂದು ಚಪ್ಪಲಿಯ ಹೆಂಗಸಿನ ಸುದ್ದಿ ಬರೆದೆ. ಈ ಊರಿಗೆ ಬಂದ ಮೇಲೆ ನನಗೋಸ್ಕರ ಯಾರೂ ಏನನ್ನೂ ನೋಡಿಟ್ಟುಕೊಂಡು ಹೇಳಿರಲಿಲ್ಲ. ನನಗೋಸ್ಕರವಲ್ಲ, ಅವನಿಗೆ ಎಂದು ಗೊತ್ತಿತ್ತು. ಆದರೂ ಓದಿದೆ.

ಅವಳ ಹೆಸರು ಹೇತಲ್. ಕಾಲೇಜಿನಲ್ಲಿ ಅವನ ಜೊತೆ ಓದಿದವಳು. ಆ ಮೂರು ವಾಕ್ಯ ಅವನು ಅವಳಿಗೆ ಹೇಳಿದ್ದು. ಆಸೆ ಇಟ್ಟುಕೊಂಡವಳು ನಾನು. ಹೇಳದೆ ಉಳಿದದ್ದು ನನಗೆ. ತೀರ್ಮಾನಿಸಿದ್ದು ಅವರಿಬ್ಬರು. ಅರ್ಥ ಬರೆದುಕೊಟ್ಟವಳು ನೀನು, ಮತ್ತು ನೀನು ಅದನ್ನು ಬೇರೆ ರೀತಿ ಓದಿಕೊಂಡೆ ಎಂದು ಗರ್ಬಾ ಕುಣಿದದ್ದನ್ನು ಓದಿದಾಗ ತಿಳಿಯಿತು. ಆಗ ನಿಲ್ಲಿಸಿದೆ.

ಈಗ ಕೇಳಬಾರದ್ದನ್ನು ಕೇಳುತ್ತೇನೆ. ಅಪ್ಪನ ಎದುರು ಹೇತಲ್ ಹೆಸರು ಎತ್ತುವ ಧೈರ್ಯ ಅವನಿಗಿಲ್ಲ. ಜನವರಿಯಲ್ಲಿ ನೀನು ಹೌದು ಎಂದರೆ ತಲೆ ತಗ್ಗಿಸಿ ತಾಳಿ ಕಟ್ಟುತ್ತಾನೆ. ಕೆಟ್ಟವನಲ್ಲ, ನಿಧಾನಕ್ಕೆ ಸರಿಹೋಗುತ್ತಾನೆ. ಕೌಂಟರಿನ ಹಿಂದೆ ಇನ್ನೊಂದು ಕುರ್ಚಿ ಹಾಕಿಸುತ್ತೇನೆ. ಮಧ್ಯಾಹ್ನದ ಹೊತ್ತು ಎಲ್ಲ ನಮ್ಮದೇ. ಸ್ವಾರ್ಥ ಎಂದು ಬೇಕಾದರೆ ಹೇಳು. ಆದರೆ ಬಾ.

ಸುಮತಿ


(ಪೋಸ್ಟ್‌ಕಾರ್ಡ್)
ಅಡಾಜಣ್
೨೧ ಡಿಸೆಂಬರ್ ೨೦೨೪

ಮಗಳೇ, ಉತ್ತರ ಬರಲಿಲ್ಲ. ಅಂಚೆಯವನಿಗೆ ಮಜ್ಜಿಗೆ ಕೊಟ್ಟು ಚೀಲವನ್ನು ಇನ್ನೊಮ್ಮೆ ಹುಡುಕಿಸಿದೆ. ಬೈದಾದರೂ ಬರೆ. ಚಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ. ಸು.


ಮಂಜಲ್‌ಪುರ, ವಡೋದರಾ
೧೯ ಜನವರಿ ೨೦೨೫

ಸುಮತಿ ಅಮ್ಮನವರಿಗೆ,

ಅಜ್ಜನ ವರ್ಷಾಂತಿಕ ನಿನ್ನೆ ಮುಗಿಯಿತು. ಅಪ್ಪ ಇವತ್ತು ಪುರೋಹಿತ ತಿಮ್ಮಪ್ಪ ಭಟ್ಟರನ್ನು ಸ್ಟೇಷನ್ನಿಗೆ ಬಿಟ್ಟು ಬಂದು, "ನಾಳೆ ಬೆಳಿಗ್ಗೆ ಕೂತು ಮಾತಾಡುವ. ಸೂರತ್ತಿನವರಿಗೆ ಒಂದು ಉತ್ತರ ಕೊಡ್ಕಲ್ದಾ ಮಗಾ?" ಎಂದರು. ಅಮ್ಮ ಆಗಲೇ ಪದಕದ ಸರವನ್ನು ಸೋಪಿನ ನೀರಿನಲ್ಲಿ ನೆನೆಹಾಕಿದ್ದಾರೆ.

ಬೈಯಲು ಕೂತೆ, ಬರಲಿಲ್ಲ. ಡಿಸೆಂಬರ್ ತಿಂಗಳಿಡೀ ನಾನು ನೀವು ಹಾಕಿಸುತ್ತೇನೆಂದ ಕುರ್ಚಿಯಲ್ಲಿ ಕೂತಿದ್ದೆ. ಗಿರಾಕಿಗಳು ಹೋಗಿರುತ್ತಾರೆ. ನೀವು ಕೋಟದ ಸುದ್ದಿ ಹೇಳುತ್ತೀರಿ, ನಾನು ದಾರಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಖಾರದ ಸಾಂಬಾರನ್ನು ಎರಡು ಸಲ ಬಡಿಸಿಕೊಳ್ಳುತ್ತೇನೆ. ಎಷ್ಟು ಚೆನ್ನಾಗಿತ್ತೆಂದರೆ ಕ್ಲಾಸಿನಲ್ಲಿ ಹುಡುಗರು ಕರೆದದ್ದೂ ಕೇಳಿಸಲಿಲ್ಲ. ಹೌದು ಎನ್ನಲು ನಾಲಗೆಯ ತುದಿಯವರೆಗೆ ಬಂದಿತ್ತು.

ಆದರೆ ಆ ಮನೆಯಲ್ಲಿ ಸಂಜೆಯೂ ಆಗುತ್ತದೆ. ನಿಮ್ಮ ಮಗ ಬರುತ್ತಾರೆ, ಬಾಲ್ಕನಿಗೆ ಹೋಗುತ್ತಾರೆ. ಒಳಗೆ ನಾನಿರುತ್ತೇನೆ, ಇಂಗ್ಲಿಷೂ ಬರುವವಳು. ತಮ್ಮ ಮನೆಯಲ್ಲಿ ಅವರಿಗೆ ಮಾತಾಡಲು ಒಂದು ಭಾಷೆಯೂ ಉಳಿಯುವುದಿಲ್ಲ. ಆದರೂ ನನ್ನ ತಟ್ಟೆಯನ್ನೂ ತಂದುಕೊಡುತ್ತಾರೆ. ಆ ತಟ್ಟೆಯಲ್ಲಿ ನಾನು ದಿನವೂ ಉಣ್ಣಲಾರೆ.

ನಿಮಗೆ ಈಗ ಅವರ ಮಾತು ಅರ್ಥವಾಗುತ್ತದೆ ಎಂದು ಅವರಿಗೆ ನೀವೇ ಹೇಳಿ. ಇಂಗ್ಲಿಷಿನಲ್ಲಿ ಹೇಳಿ. ತಪ್ಪಾದರೂ ಪರವಾಗಿಲ್ಲ.

ಅತ್ತರೆ ಯಾರಿಗಾಗಿ ಎಂದು ಕೇಳಿದರೆ ಹೇಳಲು ನನ್ನ ಹತ್ತಿರ ಹೆಸರಿಲ್ಲ. ಅಜ್ಜನಿಗಾದರೆ ಪಿಂಡ ಇಟ್ಟೆವು, ಭಟ್ಟರು ಮಂತ್ರ ಹೇಳಿದರು, ನೆಂಟರು ಬಂದು ಉಂಡು ಹೋದರು. ಎಂದೂ ಇರದೇ ಇದ್ದವರಿಗೆ ಏನು ಮಾಡುತ್ತಾರೋ ಗೊತ್ತಿಲ್ಲ.

ಇನ್ನು ನಾನು ಬರೆಯುವುದಿಲ್ಲ, ನೀವೂ ಬರೆಯಬೇಡಿ. ಬರೆದರೆ ಅಂಚೆಗೆ ಕಾಯುತ್ತೇನೆ. ಲಕೋಟೆಯ ಮೇಲೆ ಆ ಅಕ್ಷರ ಕಂಡರೆ ಒಡೆಯುವವರೆಗೂ ಆ ಕಾಗದಗಳ ಉಮಾಕಾಂತರೇ ಬರೆದರು ಎನಿಸುತ್ತದೆ.

ನಾಳೆ ಅಪ್ಪ ಕೇಳಿದಾಗ, ಅಹಮದಾಬಾದಿನಲ್ಲಿ ಮಾತಾಡಿಸಿ ನೋಡಿದೆ, ಹುಡುಗ ನನಗೆ ಹಿಡಿಸಲಿಲ್ಲ ಎಂದು ಹೇಳುತ್ತೇನೆ. ಕಾಗದಗಳ ಬಗ್ಗೆ ಕೇಳಿದರೆ, ಬರೀ ಪಾಠ ಇತ್ತು ಎನ್ನುತ್ತೇನೆ. ಹೇತಲ್ ಹೆಸರು ನನ್ನ ಬಾಯಿಂದ ಹೊರಗೆ ಬರುವುದಿಲ್ಲ, ಅದನ್ನು ಹೇಳುವ ಕೆಲಸ ನಿಮ್ಮ ಮಗನದು. ಅಪ್ಪ ಸಿಟ್ಟಾಗುತ್ತಾರೆ. ಓದಿದ ಹುಡುಗಿಯ ಸೊಕ್ಕು ಎಂದು ನಮ್ಮವರು ಆಡಿಕೊಳ್ಳುತ್ತಾರೆ, ಮುಂದೆ ಬರುವ ಸಂಬಂಧದವರೂ ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳಲಿ. ನಿಮ್ಮ ಹೆಸರು ಅದರಲ್ಲಿ ಎಲ್ಲಿಯೂ ಇರುವುದಿಲ್ಲ. ಬೇಡ ಎಂದವಳು ನಾನೇ ಆಗಿರುತ್ತೇನೆ.

ಪ್ರಾರ್ಥನಾ